ಮೂವತ್ತೆಂಟಕ್ಕೇ ಪೆನ್ಷನ್: ಯೋಧರು ಊರಿಗೆ ಮರಳಿದ ಮೇಲೆ ನಿಜವಾಗಿ ಏನಾಗುತ್ತದೆ?

ಗದಗ, ಬಾಗಲಕೋಟೆ, ಬೆಳಗಾವಿ, ಹಾಸನ ಕಡೆಯ ಊರುಗಳಲ್ಲಿ ಈಚೆಗೆ ಒಂದು ಒಳ್ಳೆಯ ರೂಢಿ ಬೆಳೆದಿದೆ. ಸೇನೆಯಿಂದ ನಿವೃತ್ತರಾಗಿ ಬರುವವರನ್ನು ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ ಮನೆಗೆ ಕರೆತರುತ್ತಾರೆ. ಹಾರ, ಪೇಟ, ಶಾಲು, ಡೊಳ್ಳು, ಶಾಲೆ ಮಕ್ಕಳ ಕೈಯಲ್ಲಿ ಬಾವುಟ. ನೋಡಿದರೆ ಮನಸ್ಸು ತುಂಬಿ ಬರುತ್ತದೆ. ಆದರೆ ಜೀಪಿನಲ್ಲಿ ನಿಂತವರ ವಯಸ್ಸು ಒಮ್ಮೆ ಕೇಳಿ ನೋಡಿ. ಎಷ್ಟೋ ಸಲ ಮೂವತ್ತೆಂಟು, ನಲವತ್ತು ಇರುತ್ತದೆ. ಅವರ ಜೊತೆ ಎಸ್ಸೆಸ್ಸೆಲ್ಸಿ ಓದಿ ಮೇಷ್ಟ್ರಾದವರಿಗೆ ಇನ್ನೂ 20 ವರ್ಷವೋ ಅದಕ್ಕೂ ಜಾಸ್ತಿಯೋ ಸರ್ವೀಸ್ ಬಾಕಿ ಇರುತ್ತದೆ.

ನಿವೃತ್ತಿ ಅಂದರೆ ನಮ್ಮ ಕಣ್ಣಿಗೆ ಬರುವುದು ಅರವತ್ತು ದಾಟಿದವರು. ಮಕ್ಕಳ ಓದು ಮುಗಿದಿರುತ್ತದೆ, ಮನೆ ಕಟ್ಟಿ ಆಗಿರುತ್ತದೆ, ಇನ್ನು ಆರಾಮಾಗಿ ಇರಬೇಕು ಅನ್ನುವವರು. ಸೈನಿಕರನ್ನೂ ಅದೇ ಲೆಕ್ಕದಲ್ಲಿ ನೋಡುವುದರಿಂದ ಅವರ ಕಷ್ಟ ನಮಗೆ ಅರ್ಥವೇ ಆಗುವುದಿಲ್ಲ. ಇವರು ಬದುಕಿನ ನಡುದಾರಿಯಲ್ಲಿ ಕೆಲಸ ಬದಲಾಯಿಸಬೇಕಾದವರು. ಬಿಟ್ಟು ಬಂದದ್ದು ಹೊರಗೆ ಎಲ್ಲೂ ಇಲ್ಲದ ಕೆಲಸ. ಜೊತೆಗೆ ಮನೆ, ಊರು, ಭಾಷೆ, ದಿನಚರಿ, ಗೆಳೆಯರು ಎಲ್ಲವೂ ಒಂದೇ ವಾರದಲ್ಲಿ ಬದಲಾಗುತ್ತವೆ. ಇಷ್ಟನ್ನೂ ಒಟ್ಟಿಗೆ ಎದುರಿಸಬೇಕಾದ ಇನ್ನೊಂದು ವೃತ್ತಿ ನನಗೆ ಕಾಣುವುದಿಲ್ಲ. ದೇಶದಲ್ಲಿ ವರ್ಷಕ್ಕೆ ಸುಮಾರು 60,000 ಸೈನಿಕರು ಹೀಗೆ ಹೊರಬರುತ್ತಾರೆ.

ಇಷ್ಟು ಬೇಗ ಯಾಕೆ?

ಸೇನೆಗೆ ಯುವಕರು ಬೇಕು. ಹಿಮದಲ್ಲಿ, ಹದಿನೈದು ಸಾವಿರ ಅಡಿ ಎತ್ತರದಲ್ಲಿ ಬೆನ್ನ ಮೇಲೆ ಭಾರ ಹೊತ್ತು ಗಸ್ತು ತಿರುಗುವ ಕೆಲಸ ಐವತ್ತರ ಮೊಣಕಾಲಿಗೆ ಆಗುವುದಿಲ್ಲ. ಹಾಗಾಗಿ ಹುದ್ದೆಗೆ ತಕ್ಕಂತೆ ಸೇವೆಯ ಅವಧಿಯನ್ನು ಕಟ್ಟಿಟ್ಟಿದ್ದಾರೆ. ಸಿಪಾಯಿಯಾಗಿಯೇ ಉಳಿದರೆ 17 ವರ್ಷ. ನಾಯಕ್ ಆದರೆ 22, ಹವಾಲ್ದಾರ್ ಆದರೆ 24, ನಾಯಬ್ ಸುಬೇದಾರ್‌ಗೆ 26, ಸುಬೇದಾರ್‌ಗೆ 28. ಆರೋಗ್ಯ, ನಡತೆ ಚೆನ್ನಾಗಿದ್ದರೆ ಇದರ ಮೇಲೆ ಎರಡು ವರ್ಷ ವಿಸ್ತರಣೆ ಸಿಗುತ್ತದೆ. ಕರ್ನಲ್ ಹುದ್ದೆಯವರು ಕೂಡ 54ಕ್ಕೆ ಹೊರಡಬೇಕು. ಜವಾನರಿಗೆ ಪೆನ್ಷನ್ ಬರಬೇಕಾದರೆ ಕನಿಷ್ಠ 15 ವರ್ಷ ಸೇವೆ ಆಗಿರಬೇಕು, ಅಧಿಕಾರಿಗಳಿಗೆ 20. ಶಾರ್ಟ್ ಸರ್ವೀಸ್ ಅಧಿಕಾರಿಗಳು 10 ವರ್ಷಕ್ಕೋ 14 ವರ್ಷಕ್ಕೋ ಹೊರಬಂದರೆ ಪೆನ್ಷನ್ ಇಲ್ಲ.

ಇದೂ ಎಷ್ಟೋ ವಾಸಿ. 1965ರ ತನಕ ಜವಾನರ ಸೇವೆ ಬರೀ ಏಳು ವರ್ಷ ಇತ್ತು, ಆಮೇಲೆ ರಿಸರ್ವ್, ಅಂದರೆ ಅಗತ್ಯ ಬಿದ್ದಾಗ ಮಾತ್ರ ಕರೆಸಿಕೊಳ್ಳುವ ಪಟ್ಟಿ. 1965ರಲ್ಲಿ ಅದು ಹತ್ತಾಯಿತು, 1976ರಲ್ಲಿ ಹದಿನೈದಾಯಿತು, ನಂತರ ಹದಿನೇಳು. ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ನೇತೃತ್ವದ ಪರಿಶೀಲನಾ ಸಮಿತಿ ಇದನ್ನು ಮತ್ತೆ ಏಳರಿಂದ ಹತ್ತು ವರ್ಷಕ್ಕೆ ಇಳಿಸಿ, ಹೊರಬಂದವರನ್ನು ಅರೆಸೇನಾ ಪಡೆಗಳಿಗೆ ಸೇರಿಸಿಕೊಳ್ಳಿ ಎಂದು ಸಲಹೆ ಕೊಟ್ಟಿತು. ಆರನೇ ವೇತನ ಆಯೋಗವೂ ಅದನ್ನೇ ಹೇಳಿತು. ಸಿಆರ್‌ಪಿಎಫ್, ಬಿಎಸ್‌ಎಫ್‌ನಲ್ಲಿ ನಿವೃತ್ತಿ ವಯಸ್ಸು 60. ತರಬೇತಿ ಆಗಲೇ ಮುಗಿದಿರುವ ಯೋಧರು ಅಲ್ಲಿ ಇನ್ನೂ ಇಪ್ಪತ್ತು ವರ್ಷ ದುಡಿಯಬಹುದಿತ್ತು. ಆದರೆ ಆ ಪಡೆಗಳಿಗೂ ಎಳೆಯರೇ ಬೇಕು. ಹೊರಗಿನವರು ಬಂದು ನಡುವೆ ಸೇರಿದರೆ ಅಲ್ಲಿಯವರ ಬಡ್ತಿಗೂ ತೊಡಕು. ಹೀಗಾಗಿ ಆ ಸಲಹೆ ದೊಡ್ಡ ಮಟ್ಟದಲ್ಲಿ ಜಾರಿಗೆ ಬರಲಿಲ್ಲ. ಸೇನೆ ಎಳೆಯದಾಗಿ ಉಳಿಯಿತು, ಅದರ ಬೆಲೆಯನ್ನು ಮನೆಗೆ ಬಂದ ಯೋಧರೇ ಕಟ್ಟುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ.

ಕೈಗೆ ಬಂದ ಇಡುಗಂಟು

"ಮಿಲಿಟ್ರಿಯವರಿಗೇನ್ರಿ, ಲಕ್ಷಗಟ್ಟಲೆ ಬಂದಿರುತ್ತೆ" ಎನ್ನುವ ಮಾತು ಪ್ರತಿ ಊರಲ್ಲೂ ಇದೆ. ಬರುವುದು ನಿಜ. ಗ್ರಾಚ್ಯುಟಿ, ಬಳಸದೆ ಉಳಿದ ರಜೆಯ ಹಣ, ಪ್ರಾವಿಡೆಂಟ್ ಫಂಡ್, ಗುಂಪು ವಿಮೆಯ ಹಣ, ಜೊತೆಗೆ ಕಮ್ಯುಟೇಶನ್. ಈ ಕೊನೆಯದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಯಾಕೆಂದರೆ ಮುಂದಿನ ಹದಿನೈದು ವರ್ಷದ ಮನೆ ಖರ್ಚು ಇದರ ಮೇಲೆ ನಿಂತಿದೆ.

ಕಮ್ಯುಟೇಶನ್ ಅಂದರೆ ಮುಂದೆ ಬರಬೇಕಾದ ಪೆನ್ಷನ್ನಿನ ಒಂದು ಭಾಗವನ್ನು ಈಗಲೇ ಒಟ್ಟಿಗೆ ಪಡೆದುಕೊಳ್ಳುವುದು. ಸಿವಿಲ್ ನೌಕರರು ಗರಿಷ್ಠ 40 ಶೇಕಡಾ ಪಡೆಯಬಹುದು, ಸೈನಿಕರು 50 ಶೇಕಡಾ. ಒಬ್ಬರ ಮೂಲ ಪೆನ್ಷನ್ 24,000 ರೂಪಾಯಿ ಅಂತಿಟ್ಟುಕೊಳ್ಳಿ. ಅರ್ಧ ಕಮ್ಯೂಟ್ ಮಾಡಿದರೆ ತಿಂಗಳಿಗೆ ಬರುವುದು 12,000 ಮತ್ತು ತುಟ್ಟಿಭತ್ಯೆ. ತುಟ್ಟಿಭತ್ಯೆ ಮಾತ್ರ ಪೂರ್ತಿ 24,000ದ ಮೇಲೇ ಲೆಕ್ಕವಾಗುತ್ತದೆ, ಅದೊಂದು ಸಮಾಧಾನ. ಕಡಿತವಾದ ಅರ್ಧ 15 ವರ್ಷದ ನಂತರ ಮತ್ತೆ ಸೇರಿಕೊಳ್ಳುತ್ತದೆ.

ಈಗ ವಯಸ್ಸಿನ ಲೆಕ್ಕ ಹಾಕಿ. 38ಕ್ಕೆ ಹೊರಬಂದವರಿಗೆ ಪೂರ್ತಿ ಪೆನ್ಷನ್ ಮತ್ತೆ ಬರುವುದು 53ಕ್ಕೆ. ಈ ಹದಿನೈದು ವರ್ಷದಲ್ಲೇ ಮಕ್ಕಳ ಪಿಯುಸಿ, ಡಿಗ್ರಿ, ಇಂಜಿನಿಯರಿಂಗ್ ಫೀಸು. ಅಪ್ಪ ಅಮ್ಮನ ಆಸ್ಪತ್ರೆ. ತಂಗಿಯ ಮದುವೆ ಬಾಕಿ ಇದ್ದರೆ ಅದೂ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಆ ಎರಡೂ ಪೆನ್ಷನ್ ಅರ್ಧ ಇರುವ ಕಾಲದಲ್ಲೇ ಬಂದು ನಿಲ್ಲುತ್ತವೆ.

ಇತ್ತ ಇಡುಗಂಟು ಬಂದ ಸುದ್ದಿ ಊರಿಗೆಲ್ಲ ಗೊತ್ತಿರುತ್ತದೆ. ಸೈಟು ತೋರಿಸುವವರು ಬರುತ್ತಾರೆ. ಚೀಟಿ ನಡೆಸುವವರು ಬರುತ್ತಾರೆ. "ಬೋರ್ ಕೊರೆಸೋಣ, ಟ್ರ್ಯಾಕ್ಟರ್ ತಗೊಳ್ಳೋಣ" ಎಂದು ಅಣ್ಣ ತಮ್ಮಂದಿರು ಕೇಳುತ್ತಾರೆ. ಇಷ್ಟು ವರ್ಷ ಹೊಲ ನೋಡಿಕೊಂಡವರು ಅವರೇ, ಇಲ್ಲ ಅನ್ನುವುದು ಹೇಗೆ? ಸೇನೆಯಲ್ಲಿ ಊಟ, ಬಟ್ಟೆ, ವಸತಿ, ಔಷಧಿ ಎಲ್ಲ ಕೈಗೇ ಬರುತ್ತಿತ್ತು. ದೊಡ್ಡ ಮೊತ್ತವನ್ನು ಸ್ವತಃ ನಿಭಾಯಿಸಿದ ಅಭ್ಯಾಸ ಇಲ್ಲ. ಬುದ್ಧಿ ಕಡಿಮೆ ಅಂತ ಅಲ್ಲ, ಅವಕಾಶವೇ ಬಂದಿರಲಿಲ್ಲ ಅಷ್ಟೆ. ನನ್ನನ್ನು ಕೇಳಿದರೆ, ಮೊದಲ ಒಂದು ವರ್ಷ ಈ ಹಣವನ್ನು ಬ್ಯಾಂಕಿನ ಎಫ್‌ಡಿಯಲ್ಲಿಟ್ಟು ಸುಮ್ನೆ ಬಿಡುವುದೇ ಒಳ್ಳೆಯದು. ಬಂಧುಗಳಿಗೆ ಬೇಸರವಾದರೂ ಪರವಾಗಿಲ್ಲ.

ಒಆರ್‌ಒಪಿ, ಅಂದರೆ "ಒಂದು ಹುದ್ದೆ, ಒಂದು ಪೆನ್ಷನ್" ಬಗ್ಗೆ ಎರಡು ಮಾತು. ಒಂದೇ ಹುದ್ದೆ, ಒಂದೇ ಸೇವಾವಧಿ ಇದ್ದರೂ ಬೇರೆ ಬೇರೆ ವರ್ಷ ನಿವೃತ್ತರಾದವರಿಗೆ ಬೇರೆ ಬೇರೆ ಪೆನ್ಷನ್ ಬರುತ್ತಿತ್ತು. ಬೇಗ ಹೊರಬರುವ ಸೈನಿಕರಿಗೆ ಇದರಿಂದ ಜಾಸ್ತಿ ಪೆಟ್ಟು, ಯಾಕೆಂದರೆ ಅವರು ಹಳೆಯ ದರದಲ್ಲಿ ಬದುಕಬೇಕಾದ ವರ್ಷಗಳು ಜಾಸ್ತಿ. 2015ರ ಜೂನ್‌ನಲ್ಲಿ ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಧರಣಿ ಕೂತರು. ಅದೇ ವರ್ಷ ನವೆಂಬರ್ 7ರಂದು ಆದೇಶ ಬಂತು, 2014ರ ಜುಲೈ 1ರಿಂದ ಅನ್ವಯ. ಐದು ವರ್ಷಕ್ಕೊಮ್ಮೆ ಪೆನ್ಷನ್ ಪರಿಷ್ಕರಣೆ ಆಗುತ್ತದೆ. ಪ್ರತಿ ವರ್ಷ ಆಗಬೇಕಿತ್ತು ಎಂಬ ವಾದವನ್ನು 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ಹೆಸರಿನ ಒಂದು ಅಕ್ಷರ

ಹೊರಗಿನವರಿಗೆ ಕಾಣದ ಒಂದು ಕಷ್ಟ ಇದೆ. ಅದು ಕಾಗದಪತ್ರದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡದವರಿಗೆ ಇದು ವಿಶೇಷವಾಗಿ ಕಾಡುತ್ತದೆ.

ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಇನಿಷಿಯಲ್ ಸಮೇತ ಇರುತ್ತದೆ, "ಮಲ್ಲಪ್ಪ ಎಚ್. ಹೂಗಾರ" ಅನ್ನುವ ಹಾಗೆ. ಸೇನೆಗೆ ಸೇರುವಾಗ ಮೊದಲ ಹೆಸರು, ಕೊನೆಯ ಹೆಸರು ಎಂಬ ಉತ್ತರದ ಪದ್ಧತಿ. ಅಲ್ಲಿ ಬರೆದವರು "ಮಲ್ಲಪ್ಪ ಹೂಗಾರ್" ಎಂದೋ, ಬರೀ "ಮಲ್ಲಪ್ಪ ಎಚ್" ಎಂದೋ ಬರೆದಿರುತ್ತಾರೆ. ಆಧಾರ್‌ನಲ್ಲಿ ಅದು "ಹೂಗಾರ ಮಲ್ಲಪ್ಪ ಹನುಮಂತಪ್ಪ" ಆಗಿರುತ್ತದೆ. ಹೆಂಡತಿಯ ಹೆಸರಿನ ಕಥೆ ಇನ್ನೂ ಕಷ್ಟ. ತವರಿನಲ್ಲಿ ಒಂದು ಹೆಸರು, ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು ಇನ್ನೊಂದು. ರೇಷನ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು. ಸೇನೆಯ ದಾಖಲೆಯಲ್ಲಿ "ಲಕ್ಷ್ಮವ್ವ" ಹೋಗಿ "ಲಕ್ಷ್ಮಿ" ಆಗಿರುತ್ತದೆ. ಹುಟ್ಟಿದ ತಾರೀಖು ಅಂದಾಜಿನದು.

ಈಗ ಪೆನ್ಷನ್ ಎಲ್ಲ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆಧಾರ್, ಪ್ಯಾನ್, ಪೆನ್ಷನ್ ಆದೇಶ, ಮೂರರಲ್ಲೂ ವಿವರ ಹೊಂದಬೇಕು. ಹೊಂದದಿದ್ದರೆ ಕೆಲಸ ನಿಂತಿತು. ಸರ್ವೀಸಿನಲ್ಲಿ ಇದ್ದಾಗಲಾದರೆ ಯೂನಿಟ್ ಕ್ಲಾರ್ಕ್ ಹತ್ತಿರ ಹೋಗಿ ದಾಖಲೆ ಕೊಟ್ಟರೆ ಪಾರ್ಟ್ ಟು ಆರ್ಡರ್ (ಸೇವಾ ದಾಖಲೆ ಬದಲಿಸುವ ಆದೇಶ) ಮಾಡಿಸಿ ಸರಿಪಡಿಸುತ್ತಾರೆ. ಹೊರಗೆ ಬಂದ ಮೇಲೆ ಅದೇ ಕೆಲಸಕ್ಕೆ ಅಫಿಡವಿಟ್, ನೋಟರಿ, ಜಿಲ್ಲಾ ಸೈನಿಕ ಕಚೇರಿಯ ಸಹಿ, ರೆಕಾರ್ಡ್ಸ್ ಆಫೀಸಿಗೆ ಪತ್ರ. ಸೇವಾ ದಾಖಲೆ ಇಡುವ ಆ ರೆಕಾರ್ಡ್ಸ್ ಆಫೀಸು ಯಾವ ರಾಜ್ಯದಲ್ಲಾದರೂ ಇರಬಹುದು. ಯೋಧರು ಇರುವ ತನಕ ಹೇಗೋ ಓಡಾಡುತ್ತಾರೆ. ಅವರು ತೀರಿಕೊಂಡ ಮೇಲೆ ಫ್ಯಾಮಿಲಿ ಪೆನ್ಷನ್‌ಗೆ ಅರ್ಜಿ ಹಾಕಿದ ಹೆಂಡತಿಗೆ "ಇದು ನೀವೇ ಅಂತ ಏನು ಸಾಕ್ಷಿ?" ಎಂಬ ಪ್ರಶ್ನೆ ಬರುತ್ತದೆ. ದುಃಖದಲ್ಲಿ ಇರುವ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾ? ಈಗ ಸರ್ವೀಸಿನಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಮುಂದಿನ ರಜೆಯಲ್ಲೇ ಎಲ್ಲ ದಾಖಲೆ ಒಂದೆಡೆ ಇಟ್ಟು ಹೆಸರು ತಾಳೆ ನೋಡಿ.

ಮೀಸಲಾತಿ ಇದೆ, ಕೆಲಸ ಯಾಕೆ ಸಿಗುವುದಿಲ್ಲ?

ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ 10 ಶೇಕಡಾ, ಗ್ರೂಪ್ ಡಿ ಮಟ್ಟದಲ್ಲಿ 20 ಶೇಕಡಾ ಮೀಸಲು. ಸರ್ಕಾರಿ ಬ್ಯಾಂಕು ಮತ್ತು ಉದ್ಯಮಗಳಲ್ಲಿ ಗ್ರೂಪ್ ಸಿಗೆ 14.5, ಗ್ರೂಪ್ ಡಿಗೆ 24.5 ಶೇಕಡಾ. ಕರ್ನಾಟಕದ ನೇಮಕಾತಿಯಲ್ಲೂ 10 ಶೇಕಡಾ ಇದೆ. ವಯಸ್ಸಿನ ರಿಯಾಯಿತಿಯೂ ದೊಡ್ಡದು. ಕೇಂದ್ರದ ನಿಯಮದಲ್ಲಿ ನಿಜವಾದ ವಯಸ್ಸಿನಿಂದ ಸೇನೆಯ ಸೇವೆಯನ್ನು ಕಳೆಯುತ್ತಾರೆ. 38 ವಯಸ್ಸು, 19 ವರ್ಷ ಸೇವೆ ಆಗಿದ್ದರೆ ಅರ್ಜಿಯ ಲೆಕ್ಕದಲ್ಲಿ ಅವರು 19ರ ಹುಡುಗ! ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು, ತಾಂತ್ರಿಕವಲ್ಲದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮ ಎಂದೂ ಪರಿಗಣಿಸಬಹುದು.

ಇಷ್ಟೆಲ್ಲ ಇದ್ದೂ ಮೀಸಲು ಹುದ್ದೆಗಳು ತುಂಬದೆ ಉಳಿಯುತ್ತವೆ. ತಡೆ ಇರುವುದು ಪರೀಕ್ಷೆಯಲ್ಲಿ. ಅರ್ಜಿ ಹಾಕಲು ಬಿಟ್ಟರೂ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ. ಗಣಿತ, ಇಂಗ್ಲಿಷ್, ರೀಸನಿಂಗ್, ಕಂಪ್ಯೂಟರ್. ಇಪ್ಪತ್ತೆರಡರ ಹುಡುಗರು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿ ಎರಡು ವರ್ಷ ಕೋಚಿಂಗ್ ಪಡೆದು ಬಂದಿರುತ್ತಾರೆ. ಇವರು ಪುಸ್ತಕ ಮುಟ್ಟಿ ಇಪ್ಪತ್ತು ವರ್ಷ ಆಗಿರುತ್ತದೆ. ರಾಜ್ಯದ ಪರೀಕ್ಷೆಗೆ ಕೂತರೆ ಕನ್ನಡ ಪತ್ರಿಕೆಯೂ ಇದೆ. ಇಡೀ ಯೌವನ ಹಿಂದಿಯಲ್ಲಿ ಕಳೆದವರಿಗೆ ಕನ್ನಡ ಮಾತು ಸರಾಗ, ಆದರೆ ಪ್ರಬಂಧ ಬರೆಯಲು ಕೂತರೆ ಕೈ ತಡವರಿಸುತ್ತದೆ.

ಖಾಸಗಿ ಕಂಪನಿಗಳಲ್ಲಿ ತೊಡಕು ಬೇರೆ ಥರ. ಅರ್ಜಿಯಲ್ಲಿ "ಹವಾಲ್ದಾರ್, ಜನರಲ್ ಡ್ಯೂಟಿ, 24 ವರ್ಷ" ಅಂತ ಬರೆದರೆ ಓದುವವರಿಗೆ ಏನೂ ಹೊಳೆಯುವುದಿಲ್ಲ. ಅದೇ ಹವಾಲ್ದಾರರು ಹತ್ತು ಜನರ ಸೆಕ್ಷನ್ ಮುನ್ನಡೆಸಿದ್ದಾರೆ. ಆ ಹತ್ತು ಜನರ ರಜೆ, ಜಗಳ, ಮನೆ ಚಿಂತೆ, ಜ್ವರ ಎಲ್ಲ ನೋಡಿಕೊಂಡಿದ್ದಾರೆ. ರಸ್ತೆ ಮುಚ್ಚಿದಾಗ ರೇಷನ್ ಎಷ್ಟು ದಿನ ಬರುತ್ತದೆ ಎಂದು ಲೆಕ್ಕ ಹಾಕಿ ಹಂಚಿದ್ದಾರೆ. ಕೋಟಿ ಬೆಲೆಯ ಸಾಮಾನಿಗೆ ಸಹಿ ಹಾಕಿ ಜವಾಬ್ದಾರಿ ಹೊತ್ತಿದ್ದಾರೆ. ಒಂದು ಗೋದಾಮು, ಒಂದು ಕಾರ್ಖಾನೆಯ ಶಿಫ್ಟ್, ಒಂದು ಹಾಸ್ಟೆಲ್ ನಡೆಸಲು ಬೇಕಾದ್ದು ಇದೇ ಅಲ್ವಾ? ಆದರೆ ಆ ಮಾತಿನಲ್ಲಿ ಬರೆದುಕೊಡಲು ಅವರಿಗೆ ಯಾರೂ ಕಲಿಸಿಲ್ಲ.

ಟೆಕ್ನಿಕಲ್ ಟ್ರೇಡಿನವರಿಗೆ ದಾರಿ ಸ್ವಲ್ಪ ಸಲೀಸು. ಬೆಂಗಳೂರಿನ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಪಳಗಿದ ಎಲೆಕ್ಟ್ರಿಷಿಯನ್, ಯಂತ್ರ ದುರಸ್ತಿಯ ದಳವಾದ ಇಎಂಇಯ ಮೆಕ್ಯಾನಿಕ್, ಸಂಪರ್ಕ ದಳವಾದ ಸಿಗ್ನಲ್ಸ್‌ನವರು, ವೈದ್ಯಕೀಯ ದಳವಾದ ಎಎಂಸಿಯ ನರ್ಸಿಂಗ್ ಅಸಿಸ್ಟೆಂಟ್, ಸರಬರಾಜು ದಳವಾದ ಎಎಸ್‌ಸಿಯ ಡ್ರೈವರ್, ಇವರ ಕೆಲಸಕ್ಕೆ ಹೊರಗೂ ಹೆಸರಿದೆ. ಎಲ್ಲಕ್ಕಿಂತ ಕಷ್ಟ ಕಾಲಾಳು ಪಡೆಯವರಿಗೆ, ಅಂದರೆ ಇನ್ಫೆಂಟ್ರಿಯವರಿಗೆ. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿ ನಿಂತವರ ಕೈಯಲ್ಲೇ ಮಾರುಕಟ್ಟೆ ಕೇಳುವ ಸರ್ಟಿಫಿಕೇಟ್ ಎಲ್ಲಕ್ಕಿಂತ ಕಡಿಮೆ. ಈ ಅನ್ಯಾಯ ನನ್ನನ್ನು ತುಂಬಾ ಕಾಡುತ್ತದೆ.

ಹೀಗಾಗಿ ಬಹಳ ಜನ ಹೋಗುವುದು ಸೆಕ್ಯುರಿಟಿ ಕೆಲಸಕ್ಕೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟು, ಬ್ಯಾಂಕಿನ ಗನ್‌ಮ್ಯಾನ್, ಎಟಿಎಂಗೆ ದುಡ್ಡು ಒಯ್ಯುವ ವ್ಯಾನು. ಹನ್ನೆರಡು ಗಂಟೆ ನಿಲ್ಲಬೇಕು. ಇದು ಮರ್ಯಾದೆಯ ಕೆಲಸವೇ. ಆದರೆ ಹಿಂದಿನ ದಿನ ಮೂವತ್ತು ಜನ ಸಲಾಂ ಹೊಡೆಯುತ್ತಿದ್ದ ಸುಬೇದಾರರು, ಇವತ್ತು ಕಾರಿನ ಗ್ಲಾಸ್ ಇಳಿಸದೆ ಹಾರ್ನ್ ಹೊಡೆಯುವವರಿಗೆ ಗೇಟು ತೆಗೆಯಬೇಕು. ಸಂಬಳಕ್ಕಿಂತ ಈ ಹಾರ್ನ್ ಜಾಸ್ತಿ ನೋಯಿಸುತ್ತದೆ. ಇದಕ್ಕೇ ಎಷ್ಟೋ ಜನ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರುತ್ತಾರೆ. ರಕ್ಷಣಾ ನೆಲೆಗಳನ್ನು ಕಾಯುವ ಈ ದಳದಲ್ಲಿ ಮತ್ತೆ ಸಮವಸ್ತ್ರ ಇದೆ, ಗೊತ್ತಿರುವ ಶಿಸ್ತು ಇದೆ. ಆದರೆ ಮತ್ತೆ ಮನೆಯಿಂದ ದೂರ.

ಮನೆಯೊಳಗೆ

ಕೆಲಸ, ಹಣ ಹೊರಗಿನ ಮಾತಾಯಿತು. ನಿಜವಾದ ಹೊಂದಾಣಿಕೆ ನಡೆಯಬೇಕಾದ್ದು ಅಡುಗೆಮನೆ, ಪಡಸಾಲೆಯಲ್ಲಿ.

ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುಯಲ್ ರಜೆ. ಅಂದರೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಗದ ವರ್ಷಗಳಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದದ್ದು ಹೆಚ್ಚೆಂದರೆ ಮೂರು ತಿಂಗಳು. ಆ ಮೂರು ತಿಂಗಳು ಮನೆಯಲ್ಲಿ ಹಬ್ಬ. ಕೋಳಿ, ಹೋಳಿಗೆ, ಜಾತ್ರೆ, ನೆಂಟರ ಮನೆ. ಮಕ್ಕಳಿಗೆ ಅಪ್ಪ ಅಂದರೆ ಟ್ರಂಕ್ ತುಂಬ ಸಾಮಾನು ತರುವ ಅತಿಥಿ. ಯಾರೂ ಬೈಯುವುದಿಲ್ಲ, ಯಾರೂ ಜಗಳ ಮಾಡುವುದಿಲ್ಲ. "ಇನ್ನು ನಾಲ್ಕು ದಿನಕ್ಕೆ ಹೊರಡ್ತಾರೆ, ಯಾಕೆ ಮನಸ್ಸು ಕೆಡಿಸೋದು" ಎಂದು ಎಲ್ಲರೂ ಸುಮ್ಮನಿರುತ್ತಾರೆ.

ಈಗ ಅವರು ಹೊರಡುವುದಿಲ್ಲ. ಎರಡನೇ ತಿಂಗಳಿಗೆ ಎಲ್ಲ ಶುರುವಾಗುತ್ತದೆ. ಬೆಳಿಗ್ಗೆ ಐದಕ್ಕೆ ಮಕ್ಕಳನ್ನು ಎಬ್ಬಿಸುತ್ತಾರೆ. ಚಪ್ಪಲಿ ಸಾಲಾಗಿ ಇಟ್ಟಿಲ್ಲ ಅಂತ ಗದರುತ್ತಾರೆ. ಪಿಯುಸಿ ಓದುವ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದರೆ ಕಿತ್ತುಕೊಳ್ಳುತ್ತಾರೆ. ಮಗ ತಿರುಗಿ ಮಾತಾಡುತ್ತಾನೆ. ಆದೇಶ ಕೊಟ್ಟರೆ "ಯಾಕೆ?" ಎಂದು ಕೇಳುವವರನ್ನು ಇವರು ಇಪ್ಪತ್ತು ವರ್ಷದಲ್ಲಿ ಕಂಡೇ ಇಲ್ಲ.

ಹೆಂಡತಿಯ ಕಡೆಯಿಂದಲೂ ನೋಡಿ. ಇಷ್ಟು ವರ್ಷ ಶಾಲೆ ಫೀಸು, ಸೊಸೈಟಿ ಸಾಲ, ಅತ್ತೆಯ ಬಿಪಿ ಮಾತ್ರೆ, ಹೊಲದ ಆಳು, ಗ್ಯಾಸ್ ಬುಕ್ಕಿಂಗ್, ಮಗಳ ಮೊದಲ ಮುಟ್ಟು, ಮಾವನ ತಿಥಿ, ಎಲ್ಲವನ್ನೂ ಒಬ್ಬರೇ ನಿಭಾಯಿಸಿದ್ದಾರೆ. ಮನೆ ನಡೆದದ್ದು ಅವರ ತೀರ್ಮಾನದಿಂದ. ಈಗ ಗಂಡ ಬಂದು "ಇದಕ್ಕೆ ಯಾಕೆ ಇಷ್ಟು ಖರ್ಚು?" ಎಂದರೆ ಹೇಗಾಗಬೇಡ? ಇತ್ತ ಗಂಡನಿಗೂ ತಾನು ಇಲ್ಲದೆಯೇ ಎಲ್ಲ ಚೆನ್ನಾಗಿ ನಡೆಯುತ್ತಿತ್ತು ಎಂಬ ಸತ್ಯ ಚುಚ್ಚುತ್ತದೆ. ಇಬ್ಬರದೂ ತಪ್ಪಿಲ್ಲ. ಮದುವೆಯಾಗಿ ಹದಿನೈದು ವರ್ಷ ಆಗಿದ್ದರೂ ಒಂದೇ ಮನೆಯಲ್ಲಿ ಕೂಡಿ ಬಾಳುವುದು ಈಗಷ್ಟೇ ಶುರುವಾಗಿರುತ್ತದೆ.

ಕ್ವಾರ್ಟರ್ಸ್‌ನಲ್ಲಿ ಬೆಳೆದ ಮಕ್ಕಳ ಪಾಡು ಇನ್ನೊಂದು. ಪಠಾಣ್‌ಕೋಟ್, ಜೋಧ್‌ಪುರ, ತೇಜ್‌ಪುರ ಅಂತ ಕೇಂದ್ರೀಯ ವಿದ್ಯಾಲಯಗಳಲ್ಲಿ ಓದಿದ ಮಕ್ಕಳಿಗೆ ಹಿಂದಿಯೇ ಆಟದ ಭಾಷೆ. ಅಜ್ಜಿ ಊರಿನ ಶಾಲೆಗೆ ಬಂದರೆ ಸಿಲಬಸ್ ಬೇರೆ, ಕನ್ನಡ ಪಾಠ ಹೊಸದು, ಗೆಳೆಯರು ಹೊಸಬರು. ಒಂದು ವರ್ಷ ಅಂಕ ಕಡಿಮೆ ಬಂದರೆ ಬೈಯಬಾರದು.

ಆಸ್ತಿಯ ಮಾತು ಬೇಡ ಅಂದರೂ ಬರುತ್ತದೆ. ಅಪ್ಪನ ಹೊಲ ತಮ್ಮನ ಉಳುಮೆಯಲ್ಲಿ ಇದೆ. ಪಾಲು ಕೇಳಿದರೆ "ಇಷ್ಟು ವರ್ಷ ಎಲ್ಲಿದ್ದೆ?" ಅನ್ನುತ್ತಾರೆ. ಖಾತೆ ಬದಲಾವಣೆಗೆ ತಾಲೂಕು ಕಚೇರಿಗೆ ಹೋದರೆ "ನಾಳೆ ಬನ್ನಿ". ಒಂದು ಸಹಿಗೆ ಹತ್ತು ಸಲ ಅಲೆದಾಟ, ಮೇಜಿನ ಕೆಳಗಿನ ವ್ಯವಹಾರ. ಹೇಳಿದ ಗಂಟೆಗೆ ಹೇಳಿದ ಕೆಲಸ ಆಗುವ ಜಗತ್ತಿನಿಂದ ಬಂದವರಿಗೆ ಇದು ಸಹಿಸಲಾಗದ ಸಂಗತಿ. ಕಚೇರಿಯಲ್ಲಿ ಕೂಗಾಡುತ್ತಾರೆ. "ಮಿಲಿಟ್ರಿಯವರು ಸಿಟ್ಟಿನವರು" ಎಂಬ ಹೆಸರು ಬೀಳುತ್ತದೆ. ಕಾನೂನಿನ ಪ್ರಕಾರ ಆಗಬೇಕಾದ್ದನ್ನು ಆಗಲಿ ಎಂದು ಕೇಳುವವರು ಸಿಟ್ಟಿನವರಾದರೆ, ಆ ಸಿಟ್ಟು ನಮಗೂ ಸ್ವಲ್ಪ ಇರಬೇಕಿತ್ತು ಅನಿಸುತ್ತದೆ.

ಮನಸ್ಸಿನ ಮಾತು

ಬ್ಯಾರಕ್ಕಿನಲ್ಲಿ ಯಾವತ್ತೂ ಒಂಟಿಯಾಗಿ ಇರಲು ಸಾಧ್ಯವಿಲ್ಲ. ಪಿಟಿ, ಪರೇಡು, ಲಂಗರ್ ಊಟ, ಸಂಜೆ ವಾಲಿಬಾಲ್, ರೋಲ್ ಕಾಲ್, ಎಲ್ಲವೂ ಜೊತೆಯಲ್ಲೇ. ಬೇಸರ ಹಂಚಿಕೊಳ್ಳಲು ಪಕ್ಕದ ಮಂಚದವರು ಇದ್ದೇ ಇರುತ್ತಾರೆ. ಊರಲ್ಲಿ ಅವರಷ್ಟು ಹತ್ತಿರದವರು ಯಾರೂ ಇಲ್ಲ. ಬಾಲ್ಯದ ಗೆಳೆಯರು ಅವರವರ ಕೆಲಸದಲ್ಲಿ ಇದ್ದಾರೆ. ಕಂಡದ್ದನ್ನು ಹೇಳಿದರೂ ಅರ್ಥ ಆಗುವುದಿಲ್ಲ. ಕೆಲವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ, ಪಟಾಕಿ ಶಬ್ದಕ್ಕೆ ಮೈ ಬಿಗಿಯುತ್ತದೆ, ಗುಂಪಿನಲ್ಲಿ ಬೆನ್ನು ಗೋಡೆಗೆ ಕೊಟ್ಟೇ ಕೂರುತ್ತಾರೆ. ಗಡಿಯಲ್ಲಿ ಜೀವ ಉಳಿಸಿದ ಎಚ್ಚರ ಅದು. ಮನೆಗೆ ಬಂದ ತಕ್ಷಣ ಆರುವುದಿಲ್ಲ. ಮಿಲಿಟ್ರಿ ಕ್ಯಾಂಟೀನಿನಲ್ಲಿ ಸಿಗುವ ಕೋಟಾ ಮದ್ಯದ ಬಾಟಲಿ ಇಲ್ಲಿ ಸುಲಭದ ಜೊತೆಗಾರ ಆಗಿಬಿಡುತ್ತದೆ.

ಇದನ್ನು ಹೇಡಿತನ ಅಂತ ಯಾರೂ ತಿಳಿಯಬಾರದು, ಸ್ವತಃ ಯೋಧರಂತೂ ತಿಳಿಯಲೇಬಾರದು. ನಿದ್ದೆ, ಸಿಟ್ಟು, ಕುಡಿತ ಕೈ ಮೀರುತ್ತಿದೆ ಅನಿಸಿದರೆ ಮೊದಲು ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿನಲ್ಲಿ ಹೇಳಿಕೊಳ್ಳಬಹುದು. 2003ರಲ್ಲಿ ಶುರುವಾದ ಈ ಆರೋಗ್ಯ ಯೋಜನೆ ಪೆನ್ಷನ್‌ದಾರರಿಗೂ ಕುಟುಂಬಕ್ಕೂ ಇದೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ಹೆಸರು ಬಯಲಾಗುವುದಿಲ್ಲ.

ದಾರಿ ಮಾಡಿಕೊಂಡವರು

ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ 1953ರ ಜನವರಿಯಲ್ಲಿ ಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿ ಹೋಗಿ ಬಂದರು. ನಂತರ ಮಡಿಕೇರಿಯ ಮನೆಯಲ್ಲಿ ನೆಲೆಸಿದರೂ ಸುಮ್ಮನೆ ಕೂರಲಿಲ್ಲ. ಹೊರಬಂದ ಸಾಮಾನ್ಯ ಜವಾನರ ಪಾಡು ಅವರಿಗೆ ಗೊತ್ತಿತ್ತು. 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರೀಯ ಸಂಘಟನೆ ಕಟ್ಟಿದವರು ಅವರೇ. ಇವತ್ತು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬೆಂಗಳೂರು ಕಟ್ಟಡಕ್ಕೆ ಅವರದೇ ಹೆಸರಿದೆ.

ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಇಪ್ಪತ್ತೆಂಟರ ಹೊತ್ತಿಗೆ ಸೇನೆ ಬಿಟ್ಟು ಜಾವಗಲ್ ಹತ್ತಿರ ಟೆಂಟ್ ಹಾಕಿ ಹೊಲ ಮಾಡಿದರು, ರೇಷ್ಮೆ ಬೆಳೆದರು, 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿದರು. ಅವರ ಉದಾಹರಣೆ ಹುರುಪು ಕೊಡುತ್ತದೆ. ಆದರೆ ಅವರು ಅಧಿಕಾರಿ, ಇಂಗ್ಲಿಷ್ ಬಲ್ಲವರು, ಕಡಿಮೆ ವಯಸ್ಸಿನಲ್ಲಿ ತಾವಾಗಿಯೇ ಹೊರಬಂದವರು. ಇಂಥವರನ್ನು ತೋರಿಸಿ ನಲವತ್ತರ ಹವಾಲ್ದಾರರಿಗೆ "ನೀವ್ಯಾಕೆ ಆಗಲ್ಲ?" ಎಂದು ಕೇಳುವುದು ಸರಿಯಲ್ಲ.

ಹವಾಲ್ದಾರರಿಗೆ ಉಪಯೋಗಕ್ಕೆ ಬರುವುದು ಸಣ್ಣ ಸಿದ್ಧತೆ, ಅದೂ ಹೊರಡುವ ಮೂರು ವರ್ಷ ಮುಂಚೆಯಿಂದ. ಸರ್ವೀಸಿನಲ್ಲಿ ಇರುವಾಗಲೇ ಡಿಗ್ರಿಗೋ ಐಟಿಐ ಮಟ್ಟದ ಸರ್ಟಿಫಿಕೇಟಿಗೋ ಸೇರಬೇಕು. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ (ಡಿಜಿಆರ್) ನಡೆಸುವ ಪುನರ್ವಸತಿ ಕೋರ್ಸುಗಳಿಗೆ ಸಮಯಕ್ಕೆ ಹೆಸರು ಕೊಡಬೇಕು. ಅಧಿಕಾರಿಗಳಿಗೆ ಐಐಎಂಗಳಲ್ಲಿ 24 ವಾರದ ಕೋರ್ಸ್ ಇರುವಂತೆ ಜವಾನರಿಗೂ ಬೇರೆ ಬೇರೆ ಕೋರ್ಸುಗಳಿವೆ, ಆದರೆ ದೂರದ ಪೋಸ್ಟಿನಲ್ಲಿ ಇರುವವರಿಗೆ ಸುದ್ದಿ ತಡವಾಗಿ ತಲುಪುತ್ತದೆ. ಹೆಂಡತಿಯ ಜೊತೆ ಕೂತು ಎಲ್ಲಿ ನೆಲೆಸುವುದು, ಮಕ್ಕಳ ಶಾಲೆ ಯಾವುದು ಎಂದು ಮೊದಲೇ ಮಾತಾಡಬೇಕು. ಊರಿಗೆ ಬಂದ ಕೂಡಲೇ ಡಿಸ್ಚಾರ್ಜ್ ಬುಕ್, ಪೆನ್ಷನ್ ಆದೇಶ ಹಿಡಿದು ಜಿಲ್ಲಾ ಸೈನಿಕ ಕಚೇರಿಯಲ್ಲಿ ನೋಂದಾಯಿಸಿ ಗುರುತಿನ ಚೀಟಿ ಪಡೆಯಬೇಕು. ಮಕ್ಕಳ ವಿದ್ಯಾರ್ಥಿವೇತನ, ಮೀಸಲಾತಿಯ ಪ್ರಮಾಣಪತ್ರ ಎಲ್ಲಕ್ಕೂ ಬಾಗಿಲು ಅದೇ.

ಈಗ ಅಗ್ನಿವೀರರು

2022ರ ಜೂನ್ 14ರಂದು ಅಗ್ನಿಪಥ ಯೋಜನೆ ಘೋಷಣೆಯಾಯಿತು. ಆಗಿನ ಘೋಷಣೆಯಂತೆ ಹದಿನೇಳೂವರೆಯಿಂದ ಇಪ್ಪತ್ತೊಂದರ ಹುಡುಗರು ನಾಲ್ಕು ವರ್ಷಕ್ಕೆ ಅಗ್ನಿವೀರರಾಗಿ ಸೇರುತ್ತಾರೆ. ಅವರಲ್ಲಿ ಹೆಚ್ಚೆಂದರೆ 25 ಶೇಕಡಾ ಜನರನ್ನು ಸೇನೆ ಉಳಿಸಿಕೊಳ್ಳುತ್ತದೆ ಎಂಬುದು ಯೋಜನೆಯ ಮೂಲ ನಿಯಮ. ಉಳಿದವರಿಗೆ ಸೇವಾ ನಿಧಿಯಾಗಿ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ. ಇದರಲ್ಲಿ ಅರ್ಧ ಅವರದೇ ಸಂಬಳದಲ್ಲಿ ಕಡಿತವಾಗಿ ಕೂಡಿದ್ದು, ಇನ್ನರ್ಧ ಸರ್ಕಾರದ್ದು. ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ, ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕ ಎಂಬ ದರ್ಜೆಯೂ ಇಲ್ಲ. ಅಂದರೆ ಮೇಲೆ ಹೇಳಿದ ಮಾಜಿ ಸೈನಿಕರ ಮೀಸಲಾತಿ ಅವರಿಗೆ ಸಿಗುವುದಿಲ್ಲ. ಅವರಿಗಾಗಿ ಅರೆಸೇನಾ ಪಡೆಗಳಲ್ಲಿ ಬೇರೆ ಮೀಸಲಾತಿ ಘೋಷಿಸಿದ್ದಾರೆ.

ಒಂದು ವಿಷಯದಲ್ಲಿ ಈ ಹುಡುಗರಿಗೆ ಅನುಕೂಲ ಇದೆ. ವಯಸ್ಸು ಚಿಕ್ಕದು, ಹೆಂಡತಿ ಮಕ್ಕಳ ಜವಾಬ್ದಾರಿ ಇನ್ನೂ ಬಂದಿಲ್ಲ, ಓದಿನ ಅಭ್ಯಾಸ ಪೂರ್ತಿ ತಪ್ಪಿಲ್ಲ. ಆದರೆ ಇಪ್ಪತ್ತಮೂರಕ್ಕೆ ವಾಪಸ್ ಬಂದಾಗ ಜೊತೆಯವರು ಡಿಗ್ರಿ ಮುಗಿಸಿ ಕೆಲಸದಲ್ಲಿ ಇರುತ್ತಾರೆ. ನಾಲ್ವರಲ್ಲಿ ಮೂವರಿಗೆ "ನಿನ್ನನ್ನು ಉಳಿಸಿಕೊಳ್ಳಲಿಲ್ಲವಾ?" ಎಂಬ ಪ್ರಶ್ನೆ ಊರಲ್ಲಿ ಕಾದಿರುತ್ತದೆ. ಮೊದಲ ತಂಡಗಳು ತರಬೇತಿಗೆ ಸೇರಿದ್ದು 2022ರ ಕೊನೆಗೆ ಮತ್ತು 2023ರ ಆರಂಭದಲ್ಲಿ. ನಾಲ್ಕು ವರ್ಷ ಕೂಡಿಸಿದರೆ ಅವರು ಹೊರಬರುವ ಹೊತ್ತು 2026ರ ಕೊನೆ, 2027ರ ಆರಂಭ.

ಆ ಮನೆಗಳ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಸೇವಾ ನಿಧಿಯ ಹಣದಲ್ಲಿ ಮನೆಗೆ ಪಾಯ ಹಾಕುವ ಮಾತು, ಸಾಲ ತೀರಿಸುವ ಮಾತು ಸದ್ಯಕ್ಕೆ ಬೇಡ. ಆ ಹುಡುಗ ಬಂದ ವಾರವೇ ಹತ್ತಿರದ ಕಾಲೇಜಿನಲ್ಲೋ ಐಟಿಐಯಲ್ಲೋ ವಿಚಾರಿಸಿ, ಯಾವ ಕೋರ್ಸಿಗೆ ಯಾವಾಗ ಅರ್ಜಿ, ಫೀಸು ಎಷ್ಟು ಎಂದು ಕೇಳಿಕೊಂಡು ಬನ್ನಿ. ಮೊದಲ ಫೀಸು ಆ ಹಣದಿಂದಲೇ ಹೋಗಲಿ.